ಬರುವವನ ಒಲೆ

"ಬುದ್ಧೀ, ನಾಳೆ ದೇಶ ನೋಡಲು ಹೊರಟಿದ್ದೇನೆ. ಹೋದಲ್ಲೆಲ್ಲ ಒಂದೊಂದು ಕಟ್ಟಳೆ ಇರುತ್ತದೆ. ಅರ್ಥವಿಲ್ಲದವನ್ನೂ ಪಾಲಿಸಬೇಕೆ?" ಎಂದು ಶಿಷ್ಯ ಕೇಳಿದ.

"ಭಲೆ! ಇನ್ನೂ ಹೊಸಿಲು ದಾಟಿಲ್ಲ, ಆಗಲೇ ಅರ್ಥ ಅಳೆಯಲು ಕೂತೆಯಾ? ಕೇಳು" ಎಂದು ಗುರುಗಳು ಕತೆ ಹೇಳಿದರು.

ಭೂಮಿಯ ಬಡಗಣ ತುದಿಯಲ್ಲಿ ಹಿಮದ ನಾಡೊಂದಿದೆ. ಅಲ್ಲಿನ ಬಯಲನ್ನೂ ಜನರ ನಡೆನುಡಿಯನ್ನೂ ಕಣ್ಣಾರೆ ಕಾಣಬೇಕೆಂದು ಒಬ್ಬ ವ್ಯಾಪಾರಿ ಹೋದ. ಹಿಮಸಾರಂಗ ಕಾಯುವವನೊಬ್ಬ ಅವನನ್ನು ಜಾರುಬಂಡಿಯಲ್ಲಿ ಕೂರಿಸಿಕೊಂಡು ನಾಡು ತೋರಿಸಿದ. ವ್ಯಾಪಾರಿ ಒಳ್ಳೆಯವನೇ. ಕಂಡದ್ದಕ್ಕೆ ಕೈಮುಗಿದ, ಕೊಟ್ಟದ್ದನ್ನು ಉಂಡ.

ದಾರಿಯಲ್ಲಿ ಅವರು ಒಂದು ಗುಡಿಸಲಿನಲ್ಲಿ ತಂಗಿದರು. ಅದು ಯಾರದೂ ಅಲ್ಲ, ಬಂದವರದು. ಬೆಳಗ್ಗೆ ಹೊರಡುವಾಗ ಸಾರಂಗದವನು ಹೇಳಿದ: "ಸ್ವಾಮಿ, ನಾನು ಬಂಡಿ ಹೂಡುತ್ತೇನೆ. ನೀವು ಸೌದೆಯನ್ನು ಸಣ್ಣಗೆ ಸೀಳಿ ಒಲೆಯೊಳಗೆ ಜೋಡಿಸಿಡಿ. ಕಡ್ಡಿ ಗೀರಿದರೆ ಸಾಕು, ಹತ್ತಿಕೊಳ್ಳಬೇಕು. ಇದು ನಮ್ಮ ಹಿರಿಯರ ಕಟ್ಟಳೆ."

ವ್ಯಾಪಾರಿ ಆಗಲಿ ಎಂದ. ಆದರೆ ಸಾರಂಗದವನು ಅತ್ತ ಹೋದ ಮೇಲೆ ಯೋಚಿಸಿದ. ಬರುವವನಿಗೇನು ಕೈಯಿಲ್ಲವೆ? ತನ್ನ ಸೌದೆ ತಾನು ಸೀಳಿಕೊಳ್ಳಲಿ. ಹಾಗೆಂದು ಅವನು ಜಿಪುಣನಲ್ಲ. ಹೊರಗಿದ್ದ ದಪ್ಪ ಕೊರಡುಗಳನ್ನು ಹೊತ್ತು ತಂದು ಒಲೆಯ ಪಕ್ಕ ಎದೆಯೆತ್ತರ ಒಟ್ಟಿದ. ಕೊಡಲಿಯನ್ನೂ ಒರಗಿಸಿಟ್ಟ. ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದೆನೆಂದು ಬೀಗಿದ. ಸಾರಂಗದವನು ಅವನ ಮಾತು ನಂಬಿ ಒಳಗೆ ಇಣುಕಿಯೂ ನೋಡಲಿಲ್ಲ.

ಹಳ್ಳಿ ತಲುಪಿದ ಮರುದಿನ ಸಾರಂಗದವನು ತಪ್ಪಿಸಿಕೊಂಡ ಪ್ರಾಣಿಯೊಂದನ್ನು ಹುಡುಕಲು ಅದೇ ದಾರಿಯಲ್ಲಿ ಹಿಂದಿರುಗಿದ. ಹಿಮಗಾಳಿ ಎದ್ದಿತು. ಅವನ ಹೆಂಡತಿಗೆ ತುತ್ತು ಇಳಿಯಲಿಲ್ಲ. "ಹೆದರಬೇಡಿ ತಾಯಿ, ಗುಡಿಸಲಿನ ತುಂಬ ಸೌದೆ ಇಟ್ಟು ಬಂದಿದ್ದೇನೆ" ಎಂದು ವ್ಯಾಪಾರಿ ಧೈರ್ಯ ಹೇಳಿದ.

ಗಾಳಿ ನಿಂತ ಮೇಲೆ ಸಾರಂಗದವನು ಬಂದ. ಜೀವವಿತ್ತು. ಬೆರಳುಗಳು ಕಪ್ಪಾಗಿ ಮರಗಟ್ಟಿದ್ದವು.

"ಅಯ್ಯೋ, ಗುಡಿಸಲು ಸಿಗಲಿಲ್ಲವೆ?" ಎಂದ ವ್ಯಾಪಾರಿ.

"ಸಿಕ್ಕಿತು ಸ್ವಾಮಿ. ಸೌದೆಯೂ ಬೇಕಾದಷ್ಟಿತ್ತು. ಕೊಡಲಿ ಹಿಡಿಯಲು ಬೆರಳು ಬಗ್ಗಲಿಲ್ಲ. ಎರಡು ಅಂಗೈ ನಡುವೆ ಕಡ್ಡಿ ಹಿಡಿದು ಗೀರಿದೆ. ಕೊರಡು ಹತ್ತಲಿಲ್ಲ. ಬಂಡಿಯ ಸಾರಂಗವನ್ನು ಒಳಗೆಳೆದು ತಬ್ಬಿಕೊಂಡು ಉಳಿದೆ."

ವ್ಯಾಪಾರಿ ಕುಸಿದು ಕೂತು ಅತ್ತ. ಅತ್ತರೆ ಬೆರಳು ಬರುತ್ತದೆಯೆ?

ಕತೆ ಅಲ್ಲಿಗೆ ನಿಂತಿತು. ಶಿಷ್ಯ ತನ್ನ ಕೈಗಳನ್ನೇ ನೋಡುತ್ತಿದ್ದ. ಗುರುಗಳು ಕೇಳಿದರು:

"ಅರ್ಥವಿಲ್ಲದ್ದು ಅಂದೆಯಲ್ಲ ಮಗೂ, ಬೆಚ್ಚಗೆ ಹೊರಡುವವನಿಗೋ, ನಡುಗುತ್ತ ಬರುವವನಿಗೋ?"