ನರಿಯ ಮಡಿ, ಮರದ ಕೆಂಪು ಕಣ್ಣು

ಒಂದು ಕಾಡಿನಲ್ಲಿ ಬೇಸಿಗೆಗೂ ಬತ್ತದ ಹೊಂಡ ಇದ್ದದ್ದು ಒಂದೇ. ಅದರ ದಾರಿಯಲ್ಲಿದ್ದ ಮತ್ತಿಮರಕ್ಕೆ ಖಾಕಿ ತೊಟ್ಟ ಇಬ್ಬರು ಮನುಷ್ಯರು ಒಂದು ಪೆಟ್ಟಿಗೆ ಕಟ್ಟಿ ಹೋದರು. ಹುಲಿಯ ಫೋಟೊ ತೆಗೆಯಲು ಇಟ್ಟ ಕ್ಯಾಮೆರಾ ಅದು. ಪ್ರಾಣಿಗಳಿಗೆ ಅದನ್ನು ಯಾರು ಹೇಳಬೇಕು? ಪೆಟ್ಟಿಗೆಯ ಮುಂದೆ ಯಾರು ಹಾದರೂ ಅದರಲ್ಲೊಂದು ಕೆಂಪು ದೀಪ ಮಿನುಗುತ್ತಿತ್ತು. ಎಲ್ಲರೂ ಹೆದರಿದರು.

ಹೆದರಿದವರನ್ನು ಕಂಡರೆ ನರಿಗೆ ಹಸಿವಾಗುತ್ತದೆ. ಅದು ಮರದ ಹಿಂದೆ ಠಿಕಾಣಿ ಹೂಡಿತು. ಇದು ಕಾಡಿನ ಕಣ್ಣು, ತಪ್ಪು ಮಾಡಿದವರನ್ನು ಕಂಡರೆ ಕೆಂಪಾಗುತ್ತದೆ, ಅಂಥವರು ತನ್ನ ಮುಂದೆ ತಪ್ಪುಕಾಣಿಕೆ ಇಟ್ಟೇ ನೀರು ಕುಡಿಯಬೇಕು ಎಂದು ಸಾರಿತು. ಮೊಲ ಬಂದರೂ ದೀಪ ಹತ್ತಿತು, ಕಾಡುಕೋಳಿ ಬಂದರೂ ಹತ್ತಿತು. ಯೋಚಿಸಿದರೆ ಎಲ್ಲರಿಗೂ ಒಂದಲ್ಲ ಒಂದು ತಪ್ಪು ನೆನಪಾಗುತ್ತಿತ್ತು. ಮೊಟ್ಟೆ, ಬೋರೆಹಣ್ಣು ತಂದಿಟ್ಟು ತಲೆ ತಗ್ಗಿಸಿ ಕುಡಿದು ಹೋಗುತ್ತಿದ್ದರು.

ನರಿಗೂ ಮೊದಲು ದೀಪ ಹತ್ತಿದ್ದುಂಟು, ಆದರೆ ಆಗ ಯಾರೂ ನೋಡಿರಲಿಲ್ಲ. ಒಂದು ದಿನ ಅದು ಜಾರಿ ಕೆಸರಿಗೆ ಬಿದ್ದು ಎದ್ದು ಬಂದಾಗ ದೀಪ ಹತ್ತಲಿಲ್ಲ. ಯಾಕೆ ಎಂದು ನರಿ ಕೇಳಿಕೊಳ್ಳಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಹೊಂಡದಲ್ಲಿ ಮುಳುಗಿ, ತಣ್ಣನೆಯ ಕೆಸರು ಮೆತ್ತಿಕೊಂಡು, ಎಲ್ಲರೆದುರು ಪೆಟ್ಟಿಗೆಯ ಮುಂದೆ ನಡೆದು ತೋರಿಸುತ್ತಿತ್ತು. "ಮಡಿಯಲ್ಲಿದ್ದೇನೆ, ದೂರ ನಿಲ್ಲಿ" ಎನ್ನುತ್ತಿತ್ತು.

ಕೆಂಚಿ ಎಂಬ ಮುಂಗುಸಿಗೆ ಮೂರು ಮರಿಗಳು. ಅವಳು ಹುಡುಕಿ ತಂದದ್ದೆಲ್ಲ ಕಾಣಿಕೆಗೇ ಹೋಗಿ, ಮೈಯಲ್ಲಿ ಹಾಲು ಬತ್ತುತ್ತ ಬಂತು. ಮರಿಗಳು ಅಳುವುದನ್ನೂ ಬಿಟ್ಟಿದ್ದವು. ತಾನು ಮಾಡಿದ ತಪ್ಪಾದರೂ ಏನು ಎಂದು ಅವಳು ಎಷ್ಟು ತಡಕಿದರೂ ಸಿಗಲಿಲ್ಲ. ಅವಳಿಗೆ ಭಯವೂ ಆಗಿತ್ತು, ಸಿಟ್ಟೂ ಬಂದಿತ್ತು.

ಒಂದು ಬೆಳಿಗ್ಗೆ ಆಮೆ ಪೆಟ್ಟಿಗೆಯ ಮುಂದೆ ಹಾದುಹೋಯಿತು. ದೀಪ ಹತ್ತಲಿಲ್ಲ. ಅದೇ ಆಮೆ ಹಿಂದಿನ ದಿನ ಕಪ್ಪೆಯ ಮೊಟ್ಟೆಗಳನ್ನು ತಿಂದು ಮುಗಿಸಿದ್ದನ್ನು ಕೆಂಚಿ ಕಣ್ಣಾರೆ ಕಂಡಿದ್ದಳು. ಅವಳು ಆಮೆಯ ಬೆನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು.

ನರಿ ಊಟ ಮುಗಿಸಿ ಮಲಗಿದ ಮೇಲೆ ಅವಳು ಹೊಂಡದ ತಳದಿಂದ ಒಂದು ಕಲ್ಲು ತಂದಳು. ಮುಂಗುಸಿಗಳು ಮೊಟ್ಟೆ ಒಡೆಯಲು ಹಿಂಗಾಲುಗಳ ನಡುವಿನಿಂದ ಎಸೆಯುತ್ತವಲ್ಲ, ಹಾಗೆ ಮರದ ಮರೆಯಿಂದ ಎಸೆದಳು. ದೀಪ ಹತ್ತಲಿಲ್ಲ. ಬಿಸಿಲಿಗೆ ಕಾದ ಕಲ್ಲೊಂದನ್ನು ಎಸೆದಳು. ದೀಪ ಹತ್ತಿತು. ಒಂದು ಸಲವಾದರೆ ನಂಬುವುದು ಹೇಗೆಂದು ಹನ್ನೆರಡು ಸಲ ಎಸೆದಳು. ಮುಂದೊಂದು ದಿನ ಆ ಫೋಟೊಗಳನ್ನು ನೋಡಿದ ಖಾಕಿಯವರು ಉರುಳುವ ಕಲ್ಲುಗಳನ್ನು ಕಂಡು ತಲೆ ಕೆರೆದುಕೊಂಡರಂತೆ.

ಕಲ್ಲು ಯಾವ ತಪ್ಪು ಮಾಡೀತು? ದೀಪ ಹತ್ತುವುದು ಬಿಸಿ ಮೈಗೆ ಎಂದು ಕೆಂಚಿಗೆ ತಿಳಿಯಿತು. ನರಿಯ ಮಡಿಯೂ ಅರ್ಥವಾಯಿತು.

ಮರುದಿನ ಎಲ್ಲರೂ ಸೇರಿದ್ದಾಗ ಅವಳು ನರಿಯ ಬಳಿ ಬಂದು, ನಾಲ್ಕು ದಿನದ ಕಾಣಿಕೆ ಒಟ್ಟಿಗೇ ತಂದಿದ್ದೇನೆ, ದಾರಿಯಾಚೆಯ ಬಂಡೆಯ ಮೇಲೆ ಇಟ್ಟಿದ್ದೇನೆ ಎಂದು ವಿನಯದಿಂದ ಹೇಳಿದಳು. ಬಂಡೆ ಬಿಸಿಲಿಗೆ ಚೆನ್ನಾಗಿ ಕಾದಿತ್ತು. ನರಿ ಅಲ್ಲಿ ಕೂತು ಒಂದೊಂದೇ ಮೊಟ್ಟೆ ಒಡೆದು ಸಾವಕಾಶವಾಗಿ ತಿಂದಿತು. ಮೈಯ ಕೆಸರು ಒಣಗಿ ಪುಡಿಪುಡಿಯಾಗಿ ಉದುರಿತು. ಹೊಟ್ಟೆ ತುಂಬುತ್ತಿದ್ದಾಗ ಅದನ್ನು ಯಾರು ಗಮನಿಸುತ್ತಾರೆ? ತೇಗುತ್ತ ಎದ್ದು, ಎಂದಿನ ಗತ್ತಿನಲ್ಲಿ ಪೆಟ್ಟಿಗೆಯ ಮುಂದೆ ನಡೆಯಿತು.

ದೀಪ ಕೆಂಪಗೆ ಹತ್ತಿತು.

ಎಲ್ಲರೂ ನರಿಯನ್ನೇ ನೋಡಿದರು. ನರಿ ಎರಡು ಹೆಜ್ಜೆ ಹಿಂದಿಟ್ಟಿತು. ಮತ್ತೆ ಹತ್ತಿತು.

"ಮಡಿ ಒಣಗಿಹೋಯಿತಲ್ಲ, ಮಾವ" ಎಂದಳು ಕೆಂಚಿ.

ಆಮೇಲೆ ಅವಳು ಒಂದು ತಣ್ಣನೆಯ ಕಲ್ಲು, ಒಂದು ಬಿಸಿ ಕಲ್ಲು ಎಸೆದು ಎಲ್ಲರಿಗೂ ತೋರಿಸಿದಳು. ಮೊಲ ತಾನೂ ಎಸೆದು ನೋಡಿತು. ಕಾಡುಹಂದಿ ಮಾತ್ರ ಕಲ್ಲಿನ ತಂಟೆಗೆ ಹೋಗಲಿಲ್ಲ. ಅದು ನರಿಯ ಎದುರು ನಿಂತು, ಕಾಣಿಕೆ ಇಟ್ಟೇ ನೀರು ಕುಡಿಯಬೇಕೆಂಬ ಕಟ್ಟಳೆ ಮಾಡಿದ್ದು ಯಾರು ಎಂದು ಕೇಳಿತು. ನರಿ ಬಾಲ ಮುದುರಿಕೊಂಡು, ಬಾಯಾರಿದ್ದರೂ ನೀರು ಕುಡಿಯದೆ ಆ ಕಾಡು ಬಿಟ್ಟು ಓಡಿತು.

ಅಂದು ಕೆಂಚಿ ಮರಿಗಳನ್ನು ಹೊಂಡಕ್ಕೆ ಕರೆತಂದಳು. ಪೆಟ್ಟಿಗೆಯ ಮುಂದೆ ಹಾಯುವಾಗ ನಾಲ್ವರಿಗೂ ದೀಪ ಹತ್ತಿತು. ಚಿಕ್ಕ ಮರಿ ಹೆದರಿ ಅಮ್ಮನ ಹೊಟ್ಟೆಯಡಿ ನುಸುಳಿತು. "ಏನಿಲ್ಲ ಮಗಾ, ನೀನು ಬೆಚ್ಚಗಿದ್ದೀಯ ಅಂತ ಹೇಳ್ತಿದೆ ಅಷ್ಟೇ" ಎಂದು ಅವಳು ಅದನ್ನು ನೀರಿನ ಕಡೆಗೆ ನೂಕಿದಳು.

ನೀತಿ: ತಿಳಿಯದ್ದಕ್ಕೆ ತಲೆ ಬಾಗುವ ಮೊದಲು ಯಾಕೆ ಎಂದು ಕೇಳಿ, ಪರೀಕ್ಷಿಸಿ ನೋಡಬೇಕು, ಕೇಳದವರ ಭಯವೇ ಮೋಸಗಾರರಿಗೆ ಊಟ.