ಎದುರಾದ ಇರುವೆಗಳು ನಿಲ್ಲುವುದೇಕೆ?

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈ ಇನ್ನೂ ಹಸಿ. ಆಗ ಇರುವೆಗಳಿಗೆ ನಡೆಯಲು ಬರುತ್ತಿರಲಿಲ್ಲ, ಬರೀ ನುಗ್ಗಲು ಬರುತ್ತಿತ್ತು!

"ಸರಿ ಆಚೆ! ನಂಗೆ ಅವಸರ!" ಎಂದು ಇದು ತಳ್ಳುವುದು. "ನಂಗೆ ನಿನಗಿಂತ ಅವಸರ!" ಎಂದು ಅದು ತಳ್ಳುವುದು. ಮನುಷ್ಯರು ಇನ್ನೂ ಹುಟ್ಟೇ ಇರಲಿಲ್ಲ, ಅವಕ್ಕೆ ಇದನ್ನೆಲ್ಲ ಕಲಿಸಿದವರು ಯಾರೋ!

ಕೆಂಚಿ ಎಂಬ ಪುಟ್ಟ ಇರುವೆಯೂ ಹಾಗೇ. ತಳ್ಳುವುದರಲ್ಲಿ ಅವಳದು ಎತ್ತಿದ ಕೈ.

ಒಂದು ದಿನ ಗೂಡಿನ ಪಕ್ಕದ ತೊರೆ ಕೂಗಿತು: "ಬೆಟ್ಟದಲ್ಲಿ ಭಾರಿ ಮಳೆ ಕಣ್ರೇ! ಉಕ್ಕಿ ಬರ್ತಿದೀನಿ, ನಿಲ್ಲೋಕೆ ನನ್ನ ಕೈಲಿ ಆಗಲ್ಲ. ಬೇಗ ಗೂಡು ಖಾಲಿ ಮಾಡಿ!"

ಗೂಡಿನ ತುಂಬ ಮೊಟ್ಟೆಗಳು! ಎತ್ತರದ ಆಚೆ ದಡಕ್ಕೆ ಇದ್ದದ್ದು ಒಂದೇ ದಾರಿ, ತೊರೆಗೆ ಅಡ್ಡ ಬಿದ್ದಿದ್ದ ಒಂದು ಕಡ್ಡಿ. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಓಡಿದವು. ಆಚೆ ಇಟ್ಟು, ಇನ್ನೊಂದನ್ನು ತರಲು ವಾಪಸು ಓಡಿದವು. ಕಡ್ಡಿಯ ನಟ್ಟನಡುವೆ ಎರಡು ಸಾಲೂ ಢೀ!

"ಗೂಡಲ್ಲಿ ಇನ್ನೂ ಮೊಟ್ಟೆ ಇದಾವೆ, ದಾರಿ ಬಿಡಿ!" ಎಂದು ಬರಿಬಾಯಿಯವು ಕಿರುಚಿದವು. ಮೊಟ್ಟೆ ಕಚ್ಚಿದವು "ಮ್ಮ್! ಮ್ಮ್ಮ್!" ಎನ್ನುತ್ತಲೇ ತಳ್ಳಿದವು. ನೀರು ಏರುತ್ತಲೇ ಇತ್ತು.

ಸಾಲಿನ ಮುಂದೆ ಕೆಂಚಿ. ಬಾಯಲ್ಲಿದ್ದ ಮೊಟ್ಟೆಯೊಳಗೆ ಅವಳ ಪುಟ್ಟ ತಂಗಿ. ಎದುರಿಗೆ, ಬರಿಬಾಯಿಯವರ ಸಾಲಿನ ಮುಂದೆ, ಗಟ್ಟಿಗಿತ್ತಿ ಬೋರಕ್ಕ. ಬಾಯಿಬಿಟ್ಟು ಬೈದರೆ ತಂಗಿ ನೀರುಪಾಲು. ತಳ್ಳಿದರೆ ಎಲ್ಲರೂ ನೀರುಪಾಲು!

ಏನೂ ತೋಚದೆ ಕೆಂಚಿ ನಿಂತುಬಿಟ್ಟಳು. ಮೆಲ್ಲಗೆ ಮೀಸೆ ಚಾಚಿ ಬೋರಕ್ಕನ ಹಣೆ ಮುಟ್ಟಿದಳು. ಆ ಮೀಸೆ ಗಡಗಡ ನಡುಗುತ್ತಿತ್ತು.

ಬೋರಕ್ಕನ ಸಿಟ್ಟು ಜರ್ರನೆ ಇಳಿಯಿತು. "ಅಯ್ಯೋ ಕೂಸೇ, ಇಷ್ಟೊಂದು ಹೆದರಿದೀಯಾ? ನಾನು ನಿನ್ನ ಮುಖಾನೇ ನೋಡಿರ್ಲಿಲ್ಲ ಕಣೇ! ನೀನು ಮೇಲೆ ಹೋಗು ತಾಯಿ, ನಾನು ಕಡ್ಡಿಯ ಕೆಳಗಡೆ ಹಿಡ್ಕೊಂಡು ಹೋಗ್ತೀನಿ."

ಅಬ್ಬಾ! ಕಡ್ಡಿಗೆ ಕೆಳಗಡೆಯೂ ಒಂದು ದಾರಿಯಿದೆ ಎಂದು ಆ ತಳ್ಳಾಟದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹಿಂದಿನವೂ ನಿಂತವು, ಮೀಸೆ ತಾಗಿಸಿದವು. ಮೊಟ್ಟೆ ಹೊತ್ತಿದ್ದವು ಮೇಲೆ, ಬರಿಬಾಯಿಯವು ಕೆಳಗೆ. ಸರಸರ, ಸರಸರ! ಕೊನೆಯ ಮೊಟ್ಟೆ ದಡ ಸೇರಿತೋ ಇಲ್ಲವೋ, ತೊರೆ ಕಡ್ಡಿಯನ್ನು ಸೆಳೆದುಕೊಂಡು ಹೋಯಿತು. ಕೆಂಚಿ ಸಂತೋಷಕ್ಕೆ ಆರು ಕಾಲಲ್ಲೂ ಕುಣಿದಳು.

ಅಂದಿನಿಂದ, ಬೇಕಾದರೆ ಅಡುಗೆಮನೆ ಗೋಡೆಯ ಮೇಲೆ ನೋಡಿ, ಎರಡು ಇರುವೆ ಎದುರಾದರೆ ಎಷ್ಟೇ ಅವಸರವಿರಲಿ ಒಂದು ಕ್ಷಣ ನಿಂತು, ಮೀಸೆ ತಾಗಿಸಿ, ವಿಚಾರಿಸಿಕೊಂಡೇ ಮುಂದೆ ಹೋಗುತ್ತವೆ; ಮೊಣಕೈಯಲ್ಲಿ ತಿವಿದು ಬಸ್ಸು ಹತ್ತುವ ನಾವು ಅವಕ್ಕಿಂತ ದೊಡ್ಡವರಂತೆ!