ದಣಿದವ್ವನ ಕಟ್ಟೆ

ನಮ್ಮ ಊರಿನಿಂದ ಸುಡುಗಾಡಿಗೆ ಹೋಗುವ ದಾರಿಯ ನಡುವೆ, ಬೇವಿನ ಮರದಡಿ ಒಂದು ಕಲ್ಲಿನ ಕಟ್ಟೆಯಿದೆ. ಅದರ ಮೇಲೆ ಕಾಲು ಚಾಚಿ, ಹಿಂದಿನ ಬಂಡೆಗೆ ತಲೆ ಆನಿಸಿ ಕೂತ ಹೆಂಗಸಿನ ಮೂರ್ತಿ. ಗುಡಿಯಿಲ್ಲ, ಗಂಟೆಯಿಲ್ಲ, ಪೂಜಾರಿಯೂ ಇಲ್ಲ. ಇವಳು ದುಃಖದ ಮನೆಗಳ ದೇವಿ, ದಣಿದವ್ವ. ಇವಳನ್ನು ಪುರಾಣಗಳಲ್ಲಿ ಹುಡುಕಿ ಫಲವಿಲ್ಲ. ನಮ್ಮತ್ತೆಯೂ ಅವರ ಓರಗೆಯ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದನ್ನು ಹೋಲಿಸಿ ನೋಡಿಯೇ ಇದನ್ನು ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ ಈ ಊರಲ್ಲಿ ಸಂಕವ್ವ ಎಂಬ ವಿಧವೆಯಿದ್ದಳು. ಸತ್ತವರ ಗುಣಗಳನ್ನು ಹಾಡಿ ಅಳುವುದು ಅವಳಿಗೆ ಬಂದಂತೆ ಮತ್ತಾರಿಗೂ ಬರುತ್ತಿರಲಿಲ್ಲ. ಮೊದಮೊದಲು ಕರೆದವರ ಮನೆಗೆ ಹೋಗುತ್ತಿದ್ದಳು. ಬರಬರುತ್ತ, ಅವಳು ಅಳದೆ ಹೆಣ ಎತ್ತಿದರೆ ಸತ್ತವರಿಗೆ ದಾರಿ ಸಿಗದು ಎಂಬ ಕಟ್ಟಳೆಯೇ ಆಗಿಹೋಯಿತು. ಉಣ್ಣುವ ತಾಟು ಬಿಟ್ಟು ಎದ್ದು ಹೋಗುತ್ತಿದ್ದಳು. ಆಮೇಲೆ ಊರಿಗೆ ದೊಡ್ಡ ಬೇನೆ ಬಂತು. ಒಂದು ಅಂಗಳದಿಂದ ಇನ್ನೊಂದಕ್ಕೆ ನಡೆದೂ ನಡೆದೂ ಅವಳ ದನಿ ಹೋಯಿತು, ಕಣ್ಣು ಬತ್ತಿತು. ಆ ಬೇನೆಯ ಕೊನೆಯ ಹೆಣ ಅವಳ ಒಬ್ಬಳೇ ಮಗಳು ಚೆನ್ನಿಯದು.

ಚಟ್ಟ ಕಟ್ಟಿಯಾಗಿತ್ತು, ಹೊರುವವರು ನಿಂತಿದ್ದರು. ಸಂಕವ್ವ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಹೊತ್ತು ಏರಿತು. ಕಟ್ಟಳೆ ಮುರಿಯಲು ಹಿರಿಯರು ಹಿಂಜರಿದರು. ಎಲ್ಲರಿಗೂ ದಾರಿ ತೋರಿದವಳ ಮಗಳು ದಾರಿಯಿಲ್ಲದೆ ಅಂಗಳದಲ್ಲೇ ಉಳಿಯುವ ಹಾಗಾಯಿತು. ಆಗ ನೆರೆಮನೆಯ ಬಾಳವ್ವ ಮುಂದೆ ಬಂದಳು. ಸಂಕವ್ವನ ಅಳುವೆಲ್ಲ ಸೀರೆ, ಕಾಳಿನ ಆಸೆಗೆ ಎಂದು ಜೀವಮಾನವೆಲ್ಲ ಆಡಿಕೊಂಡವಳು ಅವಳೇ.

"ಊರಿಗೆಲ್ಲ ಅತ್ತು ನಿನಗಂತ ಒಂದು ಹನಿ ಇಟ್ಟುಕೊಳ್ಳಲಿಲ್ಲಲ್ಲೇ, ಹುಚ್ಚಿ," ಎಂದಳು. "ಸಾಕು, ಕೂಡು. ಇವತ್ತ ನಾವು ಅಳ್ತೇವಿ."

ತನ್ನ ಗಂಡ ಸತ್ತಾಗ ಸಂಕವ್ವ ಹಾಡಿದ್ದ ಸಾಲುಗಳನ್ನೇ ಹಿಡಿದು, ಹೆಸರು ಮಾತ್ರ ಬದಲಿಸಿ, ಬಾಳವ್ವ ಹಾಡತೊಡಗಿದಳು. ಉಳಿದ ಹೆಂಗಸರೂ ತಮ್ಮ ತಮ್ಮ ಮನೆಯಲ್ಲಿ ಕೇಳಿದ್ದನ್ನು ಸೇರಿಸಿದರು. ಚೆನ್ನಿಯ ಚಟ್ಟ ಎದ್ದಿತು.

ಮಣ್ಣು ಮುಗಿಸಿ ಮರಳುವಾಗ ಸಂಕವ್ವ ಈ ಬೇವಿನಡಿ ಕೂತು ಕಾಲು ಚಾಚಿದಳು. ಬಾಳವ್ವ ಆ ಕಾಲುಗಳನ್ನು ಒತ್ತತೊಡಗಿದಳು. ಕೈಯಡಿಯಲ್ಲಿ ಅವು ತಣ್ಣಗಾದದ್ದು ಗೊತ್ತಾದ ಮೇಲೂ ಒತ್ತುವುದನ್ನು ನಿಲ್ಲಿಸಲಿಲ್ಲ ಎನ್ನುತ್ತಾರೆ. ಅಂದಿನಿಂದ ಊರಿನ ಬಾಯಲ್ಲಿ ಅವಳು ದಣಿದವ್ವ.

ಇಂದಿಗೂ ಮಣ್ಣಿಗೆ ಹೋದವರು ಮರಳುವಾಗ ಇಲ್ಲಿ ಕೂರುತ್ತಾರೆ. ಕಾಯಿ ಒಡೆಯುವುದಿಲ್ಲ, ಹರಕೆ ಹೊರುವುದಿಲ್ಲ. ಹೊರಗಿನವರು ಕೈಮುಗಿದು ಏನಾದರೂ ಬೇಡಲು ಹೊರಟರೆ, ಅವಳಿಗೆ ಮತ್ತೆ ಕೆಲಸ ಹಚ್ಚಬೇಡಿ ಎಂದು ನಮ್ಮವರು ತಡೆಯುತ್ತಾರೆ. ಬಂದವರು ಸ್ವಲ್ಪ ಹೊತ್ತು ಅವಳ ಕಾಲೊತ್ತಿ ಎದ್ದು ಹೋಗುತ್ತಾರೆ, ಅಷ್ಟೆ. ಮೂರ್ತಿಯ ಮುಖದಲ್ಲಿ ಉಳಿಯ ಗುರುತು ಇನ್ನೂ ಒರಟಾಗಿಯೇ ಇದೆ. ಪಾದಗಳಲ್ಲಿ ಬೆರಳುಗಳು ಉಳಿದಿಲ್ಲ, ಸವೆದು ನುಣ್ಣಗಾಗಿವೆ.